ಚಿನ್ನದ ಬಿಲ್ಲೆ

ಮಕ್ಕಳ ಪುಸ್ತಕದ ಮೇಲೆ ದುಂಡಗಿನ ಚಿನ್ನದ ಬಿಲ್ಲೆ, ಅಂದರೆ ಅಮೆರಿಕದ ನ್ಯೂಬೆರಿ ಪ್ರಶಸ್ತಿಯ ಗುರುತು, ಕಂಡರೆ ನಾನು ಮೊದಲು ಕೊನೆಯ ಪುಟಗಳನ್ನು ತಿರುವಿ ನೋಡುತ್ತೇನೆ, ಯಾರು ಸಾಯ್ತಾರೆ ಅಂತ. ಈ ಚಟ ಈಗ ನನ್ನ 9 ವರ್ಷದ ಮಗಳಿಗೂ ಅಂಟಿದೆ. 'ಷಾರ್ಲಟ್ಸ್ ವೆಬ್' ಓದಿ ಜೇಡ ಸತ್ತಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. 1953ರಲ್ಲಿ ಆ ಪುಸ್ತಕಕ್ಕೆ ನ್ಯೂಬೆರಿಯ ಚಿನ್ನದ ಪದಕವೂ ಸಿಗಲಿಲ್ಲ, ಪದಕಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಆನರ್' ಗೌರವ ಅಷ್ಟೇ. ಪದಕ ಹೋಗಿದ್ದು ಪೆರುವಿನಲ್ಲಿ ಲಾಮಾ ಕಾಯುವ ಹುಡುಗನ ಕಥೆಗೆ. ಅದನ್ನು ಓದಿದವರು ನನಗಂತೂ ಇನ್ನೂ ಸಿಕ್ಕಿಲ್ಲ.

ಹೋದ ತಿಂಗಳು ಬಾಡಿಗೆ ಲೈಬ್ರರಿಯಿಂದ 'ಬ್ರಿಜ್ ಟು ಟೆರಬಿಥಿಯ' ತಂದೆ. 1978ರ ನ್ಯೂಬೆರಿ. "ಬಿಲ್ಲೆ ಇದೆ, ನಂಗೆ ಬೇಡ" ಅಂದಳು. ಸರಿ, ಬಿಲ್ಲೆಯನ್ನೇ ತೆಗೆದುಬಿಡೋಣ ಅಂತ ಅವಳು ಸ್ಕೂಲಿಗೆ ಹೋದ ಮೇಲೆ ಕೂತೆ. ಮೊದಲು ಉಗುರಲ್ಲಿ ಕೆರೆದೆ. ಏಳಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ, ಹೇರ್ ಡ್ರೈಯರ್ ಹಿಡಿದೆ. ಅತ್ತೆ ಬಂದು, "ಸೀಮೆಎಣ್ಣೆ ಇದ್ದಿದ್ರೆ ಒಂದೇ ನಿಮಿಷ, ಈಗೆಲ್ಲಿ ಸಿಗುತ್ತೆ ಹೇಳು" ಅಂತ ಪಡಿತರದ ಕಾಲ ನೆನೆಸಿಕೊಂಡು ಕೂತರು. ಕೊನೆಗೆ ಬ್ಲೇಡು. ಆಮೇಲೆ ಗೊತ್ತಾಯ್ತು, ಅದು ಅಂಟಿಸಿದ ಬಿಲ್ಲೆಯೇ ಅಲ್ಲ, ಮುಖಪುಟದಲ್ಲೇ ಅಚ್ಚಾಗಿದ್ದು. ಅಷ್ಟರಲ್ಲಿ ರೂಪಾಯಿ ನಾಣ್ಯದಗಲ ತೂತು ಬಿದ್ದಿತ್ತು. ಲೈಬ್ರರಿಯವರು ಪುಸ್ತಕವನ್ನು ಬೆಳಕಿಗೆ ಹಿಡಿದು, "ಇಲಿನಾ ಮೇಡಂ?" ಅಂದರು. ಹೂಂ ಅಂದೆ. ಪೂರ್ತಿ ದುಡ್ಡು ಕಟ್ಟಿಸಿಕೊಂಡು ಪುಸ್ತಕ ನನ್ನ ಕೈಗೇ ಕೊಟ್ಟರು.

ದುಡ್ಡು ಕೊಟ್ಟ ಮೇಲೆ ಬಿಡೋಕಾಗುತ್ತಾ? ನಾನೇ ಓದಿದೆ. ಹುಡುಗ ಟೀಚರ್ ಜೊತೆ ವಾಷಿಂಗ್ಟನ್‌ಗೆ ಚಿತ್ರ ನೋಡಲು ಹೋಗುತ್ತಾನೆ, ಗೆಳತಿಯನ್ನೂ ಕರೆಯಬಹುದಿತ್ತು, ಕರೆಯುವುದಿಲ್ಲ. ಅವತ್ತೇ ತೊರೆ ದಾಟುವ ಹಗ್ಗ ಕಿತ್ತುಹೋಗಿ ಅವಳು ಸಾಯುತ್ತಾಳೆ. ಮಧ್ಯಾಹ್ನ ಮೂರು ಗಂಟೆಗೆ, ಬಟ್ಟೆ ಮಡಚೋದು ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿದ್ದಕ್ಕೆ ಕೋಪವೂ ಬಂತು. ದೊಡ್ಡವರ ಕಾದಂಬರಿಗಳ ಬೆನ್ನಿಗೂ 'ಹೃದಯಸ್ಪರ್ಶಿ' ಅಂತ ಬರೆದಿರುತ್ತಾರೆ. ನನ್ನ ಹೃದಯ ಮುಟ್ಟಿ ಅಂತ ಇವರಿಗೆ ಹೇಳಿದ್ದು ಯಾರು? ಮಕ್ಕಳ ಪುಸ್ತಕಕ್ಕೆ ಪದಕ ಕೊಡೋರೂ ದೊಡ್ಡವರೇ ಅಲ್ವಾ.

ನಮ್ಮಲ್ಲೂ ಕಮ್ಮಿಯಿಲ್ಲ. 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜರ ಪುಸ್ತಕ 'ಮುಳುಗಡೆಯ ಊರಿಗೆ ಬಂದವರು'. ಹೆಸರಲ್ಲೇ ಊರು ಮುಳುಗಿದೆ. ಇನ್ನು ಗೋವಿನ ಹಾಡು! ಇಡೀ ಕ್ಲಾಸು ರಾಗವಾಗಿ ಹಾಡಿ, ಹುಲಿಯನ್ನು ಸಾಯಿಸಿ, ಬೆಲ್ ಹೊಡೆದ ಕೂಡಲೇ ಆಟಕ್ಕೆ ಓಡುತ್ತಿದ್ದೆವು. ಯಾರೂ ಅತ್ತ ನೆನಪಿಲ್ಲ.

ಬಿಲ್ಲೆ ಹೋಯಿತಲ್ಲ, ಮಗಳು ಆರಾಮಾಗಿ ಎರಡೇ ದಿನದಲ್ಲಿ ಓದಿ ಮುಗಿಸಿದಳು. ನಾನು ಟವೆಲ್ಲು ಹಿಡಿದೇ ಕಾಯುತ್ತಿದ್ದೆ. "ಅಮ್ಮಾ, ಆ ನಾಯಿಮರಿ ಆಮೇಲೆ ಯಾರ ಹತ್ರ ಇತ್ತು?" ಅಂತ ಕೇಳಿದಳು. ನನಗೆ ನೆನಪಿರಲಿಲ್ಲ, ಅಳೋದರಲ್ಲಿದ್ದೆ. ಇಬ್ಬರೂ ಸೇರಿ ಹುಡುಕಿದೆವು. ಹುಡುಗಿಯ ಅಪ್ಪ ತಮ್ಮ ಜೊತೆಗೇ ಕರೆದುಕೊಂಡು ಹೋಗಿದ್ದರು.

"ಹಾಗಾದ್ರೆ ಸರಿ" ಅಂದು, ತೂತಿನಲ್ಲಿ ಬೆರಳು ತೂರಿಸಿಕೊಂಡೇ ಮಲಗಿದಳು.