ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ

ರಾಯರ ಪಟ್ಟಿ ನಿನ್ನೆ ರಾತ್ರಿ ವಾಟ್ಸ್‌ಆ್ಯಪ್‌ಗೆ ಬಂದಿದೆ. ಕಳೆದ ವಾರಾಂತ್ಯ ಜಾವಾದ ಗೆದೆ ಬೆಟ್ಟದಲ್ಲಿ ನಾವು ಕಂಡ ಹಕ್ಕಿಗಳೆಲ್ಲ ಅದರಲ್ಲಿ ಶಿಸ್ತಾಗಿ ಸಾಲುಗಟ್ಟಿ ನಿಂತಿವೆ. ಆದರೆ ನಾನು ನನ್ನ ಎರಡೂ ಕಣ್ಣುಗಳಿಂದ ನೋಡಿದ ಜಾವಾ ವುಡ್‌ಕಾಕ್‌ನ ಪಕ್ಕದಲ್ಲಿ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಅದರ ಕೆಳಗೆ ‘ನತ್ತಿಂಗ ಇರಬಹುದು’ ಎಂಬ ಷರಾ ಬೇರೆ. ನತ್ತಿಂಗವೆಂದರೆ ಇರುಳಿನಲ್ಲಿ ಹಾರುವ, ಪುಟ್ಟ ಕೊಕ್ಕಿನ ಬೇರೊಂದು ಹಕ್ಕಿ. ಬೆಳಗಿನ ಕಾಫಿ ರುಚಿಸದೇ ಹೋದದ್ದಕ್ಕೆ ಹಾಲು ಕಾರಣವಲ್ಲ.

ಜಕಾರ್ತಾದಲ್ಲಿ ನೌಕರಿ ಮಾಡುವವನಿಗೆ ಶನಿವಾರ ಎಂದರೇನು ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾರವಿಡೀ ಟ್ರಾಫಿಕ್ಕಿನಲ್ಲಿ ಸವೆದ ಮನುಷ್ಯ ಬಟ್ಟೆ ಒಗೆಯಲು ಹಾಕಿ, ಊರಿಗೆ ವಿಡಿಯೋ ಕರೆ ಮಾಡಿ, ಮಧ್ಯಾಹ್ನ ಅನ್ನ ಸಾರು ಉಂಡು ಮಲಗುವ ದಿನ ಅದು. ಅಂಥ ದಿನವನ್ನು ರಾಯರ ಮಾತಿಗೆ ಕಟ್ಟುಬಿದ್ದು ಬಿಟ್ಟುಕೊಟ್ಟು, ಪೊಲೀಸರು ಹೊತ್ತಿಗೊಂದು ದಿಕ್ಕಿಗೆ ಮಾತ್ರ ವಾಹನ ಬಿಡುವ ಪುಂಚಕ್ ರಸ್ತೆಯಲ್ಲಿ ನಮ್ಮ ದಿಕ್ಕು ಬರುವವರೆಗೆ ಕಾದು, ಚಿಬೋದಾಸ್ ಕಡೆಯಿಂದ ಕಲ್ಲು ಹಾಸಿದ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಹತ್ತಿದವನು ನಾನು. ದಾರಿಯಲ್ಲಿ ಬಿಸಿನೀರಿನ ಝರಿಯೊಂದನ್ನು ದಾಟಬೇಕು. ಒಂದು ಕೈಯಲ್ಲಿ ಹಗ್ಗ ಹಿಡಿದು, ಕಾಲಿನ ಕೆಳಗೆ ಹೊಗೆಯಾಡುವ ನೀರಿನಲ್ಲಿ ಜಾರುವ ಕಲ್ಲನ್ನು ಹುಡುಕುತ್ತಿರುವಾಗ, ಕನ್ನಡಕವೂ ಬೈನಾಕ್ಯುಲರೂ ಒಟ್ಟಿಗೆ ಮಂಜುಗಟ್ಟಿ ಇಡೀ ಜಾವಾ ದ್ವೀಪವೇ ಬೆಳ್ಳಗಾಗಿಬಿಡುತ್ತದೆ.

ಇಷ್ಟೆಲ್ಲ ಕಷ್ಟ ಏಕೆಂದರೆ, ಈ ವುಡ್‌ಕಾಕ್ ಬಯಲಿಗೆ ಇಳಿಯುವ ಹಕ್ಕಿಯಲ್ಲ. 1821ರಲ್ಲಿ ಹಾರ್ಸ್‌ಫೀಲ್ಡ್ ಹೆಸರಿಟ್ಟ ಇದು ಜಾವಾ ಮತ್ತು ಸುಮಾತ್ರಾಗಳ ಬೆಟ್ಟಗಳ ಮೇಲೆ, ಪಾಚಿ ತುಂಬಿದ ತೇವದ ಕಾಡುಗಳಲ್ಲಿ ಮಾತ್ರ ಇದೆ. ಸುಮಾರು 30 ಸೆಂಟಿಮೀಟರ್ ಉದ್ದದ ಗುಂಡನೆಯ ದೇಹ, ಕಪ್ಪು ಪಟ್ಟೆಗಳಿರುವ ಗಾಢ ಕಂದು ಬಣ್ಣ, ಮಣ್ಣಿನೊಳಗೆ ಎರೆಹುಳುವನ್ನು ತಡಕಲು ಉದ್ದನೆಯ ಕೊಕ್ಕು. ಹಗಲಿನಲ್ಲಿ ತರಗೆಲೆಯ ಮೇಲೆ ಕುಳಿತರೆ ತುಳಿಯುವವರೆಗೂ ಕಾಣುವುದಿಲ್ಲ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಗಂಡು ಹಕ್ಕಿ ಮರಗಳ ನೆತ್ತಿಯ ಮೇಲೆ ಕೂಗುತ್ತಾ ಸುತ್ತು ಹೊಡೆಯುತ್ತದೆ, ನೋಡುವುದಿದ್ದರೆ ಆಗಲೇ ನೋಡಬೇಕು. ಸಮಭಾಜಕ ವೃತ್ತದ ಹತ್ತಿರ ಸಂಜೆಗೆ ನಿಧಾನಿಸುವ ಅಭ್ಯಾಸವಿಲ್ಲವಾದ್ದರಿಂದ, ನಾವು ತಲುಪುವಷ್ಟರಲ್ಲಿ ಊಟಕ್ಕೆ ಮುಚ್ಚಿಬಿಡುವ ಸರ್ಕಾರಿ ಕೌಂಟರಿನ ಹಾಗೆ, ದರ್ಶನದ ಸಮಯ ಆರಂಭವಾಯಿತು ಎನ್ನುವಾಗಲೇ ಮುಗಿದಿರುತ್ತದೆ.

ಈಗ ರಾಯರ ‘ಶ್’ ವಿಷಯ. ಅವರು ಕಾಡಿನಲ್ಲಿ ಮೌನದ ಕಟ್ಟಾ ಪ್ರತಿಪಾದಕರು, ಆದರೆ ಆ ಮೌನ ಉಳಿದವರಿಗೆ ಮಾತ್ರ ಅನ್ವಯಿಸುತ್ತದೆ. ಕಾರು ನಿಲ್ಲಿಸುವ ಜಾಗದಲ್ಲೇ ಮೊದಲ ‘ಶ್’ ಹೊರಟಿತು. ಅಲ್ಲಿದ್ದ ಹಕ್ಕಿಯೆಂದರೆ ಹೋಟೆಲಿನವನ ಕೋಳಿ. ಬೆನ್ನಿಗೆ ಡೇರೆ ಕಟ್ಟಿಕೊಂಡು, ಒಬ್ಬರ ಹೆಗಲಿಗೆ ಗಿಟಾರ್ ನೇತುಹಾಕಿಕೊಂಡು ಹತ್ತುತ್ತಿದ್ದ ಕಾಲೇಜು ಹುಡುಗರಿಗೂ ಅವರು ‘ಶ್’ ಎಂದರು. ಆ ಸಭ್ಯ ಮಕ್ಕಳು ಅದನ್ನು ಭಾರತೀಯರ ನಮಸ್ಕಾರವೆಂದು ತಿಳಿದಿರಬೇಕು, ಸಾಲಾಗಿ ತಲೆ ಬಾಗಿಸಿ ‘ಪರ್ಮಿಸಿ, ಪಾಕ್’ (ಸ್ವಲ್ಪ ದಾರಿ ಬಿಡಿ, ಸಾರ್) ಎನ್ನುತ್ತಾ ಮುಂದೆ ಹೋದರು. ಸ್ಟೌವಿನ ಮೇಲೆ ಕುದಿಯುತ್ತಿದ್ದ ನೀರಿಗೂ ಒಂದು ‘ಶ್’ ಬಿತ್ತು. ಪ್ರತಿ ‘ಶ್’ನ ಬೆನ್ನಿಗೆ ಪಿಸುದನಿಯಲ್ಲಿ ಒಂದು ಉಪನ್ಯಾಸವಿರುತ್ತದೆ, ಮತ್ತು ರಾಯರ ಪಿಸುದನಿ ಬೇರೆಯವರ ಕೂಗಿಗಿಂತ ದೂರ ಹೋಗುತ್ತದೆ. ಇದಕ್ಕೆ ಶ್ರುತಿ ಹಿಡಿಯಲು ಅವರ ನೈಲಾನ್ ಜಾಕೆಟ್ಟು. ಅವರು ಉಸಿರೆಳೆದರೂ ಅದು ಸರಪರ ಎನ್ನುತ್ತದೆ.

ಕಂದಾಂಗ್ ಬಾದಾಕ್ ಬಿಡಾರದ ಬಳಿ ಆಕಾಶ ಸ್ವಲ್ಪ ತೆರೆದಿದ್ದ ಕಡೆ ನಾವು ಕುಳಿತಿದ್ದೆವು. ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ವುಡ್‌ಕಾಕ್‌ನ ಕಣ್ಣುಗಳು ತಲೆಯ ಮೇಲ್ಭಾಗದಲ್ಲಿ ಹಿಂದಕ್ಕೆ ಸರಿದಿರುವುದರಿಂದ ಅದು ಕತ್ತು ತಿರುಗಿಸದೆಯೇ ಸುತ್ತಲೂ ನೋಡಬಲ್ಲದು, ಆದ್ದರಿಂದ ನಾವು ಕ್ಷಣವೂ ಮೈಮರೆಯಬಾರದು ಎಂದು ರಾಯರು ಆಕಾಶಕ್ಕೆ ಬೆನ್ನು ಹಾಕಿ ನನಗೆ ವಿವರಿಸುತ್ತಿದ್ದರು. ಆಗ, ಅವರ ಉಲ್ಲನ್ ಟೊಪ್ಪಿಗೆಯ ಸರಿಯಾಗಿ ಮೇಲ್ಗಡೆ, ಅಗಲ ರೆಕ್ಕೆಯ ಗುಂಡನೆಯದೊಂದು ಹಕ್ಕಿ, ಉದ್ದನೆಯ ಕೊಕ್ಕನ್ನು ಕೆಳಕ್ಕೆ ಬಾಗಿಸಿಕೊಂಡು, ಯಾವ ಗಡಿಬಿಡಿಯೂ ಇಲ್ಲದೆ ಬಂದಿತು. ನಾನು ಬೆರಳೆತ್ತಿದೆ. ರಾಯರು ‘ಶ್’ ಎಂದರು. ನಾನು ಬೆರಳನ್ನು ಅಲ್ಲಾಡಿಸಿದೆ. ಪ್ರಶ್ನೆಗಳಿದ್ದರೆ ಕೊನೆಯಲ್ಲಿ ಕೇಳಿ ಎಂಬಂತೆ ಅವರು ಅಂಗೈ ತೋರಿಸಿದರು. ‘ರಾಯರೇ, ಮೇಲೆ!’ ಎಂದು ಬಾಯಿಬಿಟ್ಟೆ. ಇನ್ನೂ ಉದ್ದವಾದ ‘ಶ್‌ಶ್’ ಬಂದು, ಅದರ ಹಿಂದೆಯೇ ಜಾಕೆಟ್ಟಿನ ಸರಪರ ಎದ್ದು, ಹಕ್ಕಿಯ ಕೂಗೂ ಅದರಲ್ಲೇ ಮುಳುಗಿತು. ಅವರು ತಿರುಗುವಷ್ಟರಲ್ಲಿ ಅಲ್ಲಿ ಮೋಡ ಮಾತ್ರ ಇತ್ತು.

‘ನತ್ತಿಂಗ ಇರಬೇಕು, ಈ ಬೆಟ್ಟದಲ್ಲಿ ಇವೆ,’ ಎಂದರು. ಇವೆ, ಒಪ್ಪುತ್ತೇನೆ. ಆದರೆ ನತ್ತಿಂಗಕ್ಕೆ ಆ ಕೊಕ್ಕನ್ನು ಯಾರು ಎರವಲು ಕೊಟ್ಟರು? ಅನುಭವವಿಲ್ಲದ ಕಣ್ಣು ಎಂಬುದು ಅವರ ವಾದ. ಅನುಭವದ ಕಣ್ಣುಗಳ ಕಥೆಯೂ ಗೊತ್ತಿದೆ: 1960ರ ದಶಕದಲ್ಲಿ ಫಿಲಿಪೀನ್ಸಿನ ಲೂಜಾನ್ ದ್ವೀಪದಲ್ಲಿ ಸಂಗ್ರಹಿಸಿದ ವುಡ್‌ಕಾಕ್‌ಗಳನ್ನು ಬಲ್ಲವರೇ ಯುರೇಷಿಯಾದ ಹಕ್ಕಿಯೆಂದು ಗುರುತಿಸಿ ಇಟ್ಟಿದ್ದರು. 1993ರಲ್ಲಿ ಅದೇ ದೇಶದ ಮಿಂದಾನಾವೊ ದ್ವೀಪದ ಕಿತಾಂಗ್ಲಾಡ್ ಬೆಟ್ಟದಲ್ಲಿ ಕೇಳಿದ ಕೂಗು ಬೇರೆಯಾಗಿದೆಯಲ್ಲ ಎಂದು ತೋರಿದ ಮೇಲೆ ತನಿಖೆ ನಡೆದು, 2001ರಲ್ಲಿ ಅದು ಬುಕಿದ್ನೋನ್ ವುಡ್‌ಕಾಕ್ ಎಂಬ ಹೊಸ ಪ್ರಭೇದವಾಯಿತು. ಕೈಯಲ್ಲಿ ಹಿಡಿದು ನೋಡಿದವರಿಗೆ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ, ನೆತ್ತಿಯ ಮೇಲೆ ನೋಡಿದವನಿಗೆ ಇದೆ.

ಆ ರಾತ್ರಿ ಡೇರೆಯೊಳಗೆ ಚಳಿಗೆ ನಿದ್ದೆ ಬರಲಿಲ್ಲ. ಹುಡುಗರ ಗಿಟಾರ್ ಎಲ್ಲೋ ನುಡಿಯುತ್ತಿತ್ತು. ಯುರೇಷಿಯಾದ ವುಡ್‌ಕಾಕ್ ಚಳಿಗಾಲಕ್ಕೆ ಉತ್ತರದಿಂದ ನಮ್ಮ ಕೊಡಗಿಗೂ ನೀಲಗಿರಿಯ ಶೋಲಾ ಕಾಡುಗಳಿಗೂ ಬರುತ್ತದೆ, ಬೇಸಿಗೆ ಬರುವ ಮುಂಚೆ ಹಿಂದಿರುಗುತ್ತದೆ. ಮಡಿಕೇರಿಯ ಪಕ್ಕದಲ್ಲಿ ಬೆಳೆದ ನಾನು ಅದನ್ನು ಒಮ್ಮೆಯೂ ನೋಡಿಲ್ಲ. ಅದರ ದಾಯಾದಿಯನ್ನು ನೋಡಲು ಸಮುದ್ರ ದಾಟಿ ಬಂದಿದ್ದೆ. ಜಾವಾದ ಹಕ್ಕಿ ಎಲ್ಲಿಗೂ ಹೋಗುವುದಿಲ್ಲ, ಹುಟ್ಟಿದ ಬೆಟ್ಟದಲ್ಲೇ ಇರುತ್ತದೆ. ಅದಕ್ಕೆ ರಜೆಯ ಅರ್ಜಿಯಿಲ್ಲ, ವಿಮಾನದ ದರ ನೋಡುವ ಕೆಲಸವಿಲ್ಲ. ಅಮ್ಮ ಫೋನಿನಲ್ಲಿ ‘ಈ ಸಲ ಯಾವಾಗ?’ ಎಂದು ಕೇಳುವುದನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ, ಅಷ್ಟರಲ್ಲಿ ಪಕ್ಕದ ಡೇರೆಯಿಂದ ರಾಯರು ಗಿಟಾರಿಗೆ ‘ಶ್’ ಎಂದರು.

ಪಟ್ಟಿಯ ಜೊತೆ ಒಂದು ಆಹ್ವಾನವೂ ಬಂದಿದೆ. ಸುಮಾತ್ರಾದ ಕೆರಿಂಚಿ ಬೆಟ್ಟದಲ್ಲೂ ಇದೇ ವುಡ್‌ಕಾಕ್ ಇದೆಯಂತೆ, ‘ಖಚಿತಪಡಿಸಿಕೊಳ್ಳಲು’ ಹೋಗೋಣ, ಬರುವಾಗ ಚಿತ್ರಾನ್ನ ತನ್ನಿ ಎಂದಿದ್ದಾರೆ. ಜಾಕೆಟ್ಟನ್ನು ಮನೆಯಲ್ಲಿ ಬಿಟ್ಟು ಬರುವುದಾದರೆ ಮಾತ್ರ ಎಂದು ಉತ್ತರ ಬರೆದು ಹೆಂಡತಿಗೆ ತೋರಿಸಿದೆ. ಅವಳು ಓದಿ, ಜಾಕೆಟ್ಟು ಬೇಕಾದರೆ ಬರಲಿ, ಬಾಯಿಯನ್ನು ಬಿಟ್ಟು ಬರಲು ಹೇಳಿ ಎಂದಳು.