ತಲೆ ತೂರಿದರೆ ಸಾಕು

ಮಗಳ ಮನೆಯಲ್ಲಿ ಬೀಗ, ಬೀಗದ ಕೈ ಎಂಬ ಹಳೆಯ ಜೋಡಿ ಉಳಿದುಕೊಂಡಿರುವುದು ಒಂದೇ ಕಡೆ. ಮುಂಬಾಗಿಲು ಅಂಕಿ ಒತ್ತಿದರೆ ತೆರೆಯುತ್ತದೆ, ಗ್ಯಾರೇಜಿನದು ಫೋನಿನ ಮಾತು ಕೇಳುತ್ತದೆ, ಕಾರಿಗೆ ಕೀಲಿ ತಿರುಗಿಸುವ ಕಾಲವೊಂದಿತ್ತು ಎಂಬುದು ಮೊಮ್ಮಗನಿಗೆ ಪುರಾಣ. ಬೀಗ ಇರುವುದು ಅವನ ಕೋಣೆಯ ಗಾಜಿನ ಪೆಟ್ಟಿಗೆಗೆ. ಅದರೊಳಗೆ ಜಿಲೇಬಿ ಇದೆ. ನಾಲ್ಕಡಿ ಉದ್ದದ, ಕಿತ್ತಳೆ ಮೈಯ ಮೇಲೆ ಕೆಂಪು ಮಚ್ಚೆಗಳಿರುವ ಕಾರ್ನ್ ಸ್ನೇಕ್. ಹೆಸರಿಟ್ಟವನು ಮೊಮ್ಮಗ. ಆ ದಿನದಿಂದ ನನ್ನ ಹೆಂಡತಿ ಜಿಲೇಬಿ ತಿನ್ನುವುದನ್ನು ಬಿಟ್ಟಿದ್ದಾಳೆ.

ವಾರಾಂತ್ಯಕ್ಕೆ ಬರುವ ಕನ್ನಡದ ನೆಂಟರಿಷ್ಟರು ಆ ಬೀಗ ನೋಡಿ ನಗುತ್ತಾರೆ. ಕಳ್ಳರು ಹಾವು ಕದಿಯಲು ಬರುತ್ತಾರೆಯೇ ಎಂದು ಒಬ್ಬರು ಕೇಳಿದರು. "ಬರುವವರಿಗಲ್ಲ ಅಂಕಲ್, ಹೋಗುವವರಿಗೆ" ಎಂದ ಹುಡುಗ.

ನಾವು ಶಿರಸಿಯ ಕಡೆಯವರು. ಹಂಚಿನ ಮನೆಯಲ್ಲಿ ಬೆಳೆದ ನಮಗೆ ಹಾವಿನ ವಿಷಯದಲ್ಲಿ ಇರುವ ವಿದ್ಯೆಯೆಲ್ಲ ಒಂದೇ ದಿಕ್ಕಿನದು. ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ ಹಾಕಬೇಕು, ಕಟ್ಟಿಗೆಯ ರಾಶಿ ಗೋಡೆಗೆ ತಾಗಬಾರದು, ಅಟ್ಟದಲ್ಲಿ ಇಲಿ ಹೆಚ್ಚಿದರೆ ಅದರ ಹಿಂದೆಯೇ ಕೇರೆ ಹಾವು ಬರುತ್ತದೆ, ಕತ್ತಲಾದ ಮೇಲೆ ಅಂಗಳಕ್ಕಿಳಿಯುವುದಾದರೆ ಕೈಯಲ್ಲಿ ಬ್ಯಾಟರಿ ಇರಬೇಕು. ಬೆಳ್ಳುಳ್ಳಿ ಜಜ್ಜಿ ಹೊಸ್ತಿಲ ಬಳಿ ಇಡುವವರೂ ಇದ್ದರು. ಹಾವುಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಹೊರಗಿನದು ಹೊರಗೇ ಇರಲಿ ಎಂಬುದಕ್ಕೆ ಇಷ್ಟೆಲ್ಲ ಏರ್ಪಾಡು. ಒಳಗಿನದು ಒಳಗೇ ಇರಲಿ ಎಂದು ತೂತು ಮುಚ್ಚುವ ಕೆಲಸ ಅಮೆರಿಕದ ನಾರ್ತ್ ಕೆರೊಲಿನಾದ ರಾಲಿ ನಗರಕ್ಕೆ ಬಂದ ಮೇಲೆಯೇ ನಮಗೆ ಎದುರಾದದ್ದು. ಊರಿನಲ್ಲಿ ಅದಕ್ಕೆ ಅವಕಾಶವೂ ಇಲ್ಲ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕಲು ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. 1972ರಲ್ಲಿ ಬಂದ ಆ ಕಾಯ್ದೆಯೇ ಹಾವಾಡಿಗರ ಬುಟ್ಟಿಯನ್ನೂ ಮುಚ್ಚಿಸಿತು.

ಬುಟ್ಟಿ ಎಂದಾಗ ನೆನಪಾಯಿತು. ಬಿದಿರಿನ ಆ ಚಪ್ಪಟೆ ಬುಟ್ಟಿಗೆ ಬೀಗವಿರಲಿಲ್ಲ, ಮೇಲೊಂದು ಬಟ್ಟೆಯ ಗಂಟು ಅಷ್ಟೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮಗೆ ಹಾವಾಡಿಗನ ಧೈರ್ಯ ಕಾಣುತ್ತಿತ್ತೇ ಹೊರತು, ಹಲ್ಲು ಕಿತ್ತು ಬಾಯಿ ಹೊಲಿದ ಹಾವಿಗೆ ಹೋಗಲು ತ್ರಾಣವೇ ಇರುತ್ತಿರಲಿಲ್ಲ ಎಂಬುದು ತಿಳಿದದ್ದು ಬಹಳ ತಡವಾಗಿ. ಜಿಲೇಬಿಯ ಪೆಟ್ಟಿಗೆಗೆ ಬೀಗ ಬೇಕಾಗಿದೆ ಎಂದರೆ ಅದರ ಆರೋಗ್ಯ ಚೆನ್ನಾಗಿದೆ ಎಂದೂ ಅರ್ಥ.

ಅದರ ಜಾತಿ ಅಮೆರಿಕದ ಆಗ್ನೇಯ ರಾಜ್ಯಗಳದು, ನಾರ್ತ್ ಕೆರೊಲಿನಾವೂ ಅದರ ತವರೇ. ವಿಷವಿಲ್ಲ. ಇಲಿಯನ್ನು ಸುತ್ತಿ, ಬಿಗಿದು, ನುಂಗುತ್ತದೆ. ಇಲ್ಲಿ ಅದಕ್ಕೆ ಸಿಗುವುದು ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿದ ಇಲಿ. ಆ ಫ್ರೀಜರ್ ಗ್ಯಾರೇಜಿನಲ್ಲಿದೆ, ಅಡುಗೆಮನೆಯದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮಗಳು ಆಣೆ ಮಾಡಿ ಹೇಳಿದ ಮೇಲೆಯೇ ಅವಳ ಅಮ್ಮ ಆ ಮನೆಯಲ್ಲಿ ಒಲೆ ಹಚ್ಚಿದ್ದು. ಸಾಕಿದ ಕಾರ್ನ್ ಸ್ನೇಕ್ ಹದಿನೈದು ಇಪ್ಪತ್ತು ವರ್ಷ ಬದುಕುತ್ತದಂತೆ. ಹುಡುಗ ಕಾಲೇಜಿಗೆ ಹೋಗುತ್ತಾನೆ, ಕೆಲಸ ಹಿಡಿಯುತ್ತಾನೆ. ಜಿಲೇಬಿ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅಂಗಡಿಯಿಂದ ತಂದಾಗ ಅದು ಪೆನ್ಸಿಲಿಗಿಂತ ದಪ್ಪವಿರಲಿಲ್ಲ. ಆಗ ಮೀನು ಸಾಕುವ ಗಾಜಿನ ತೊಟ್ಟಿ, ಮೇಲೆ ಜಾಲರಿಯ ಮುಚ್ಚಳ, ಮುಚ್ಚಳದ ಮೇಲೆ ಅಳಿಯನ ಎಂಜಿನಿಯರಿಂಗ್ ಪುಸ್ತಕಗಳು. ಪುಸ್ತಕದ ಭಾರವನ್ನು ನಂಬಿ ಕೆಟ್ಟವರು ಹಾವು ಸಾಕುವವರಲ್ಲಿ ಬಹಳ ಮಂದಿ. ಭಾರ ಬೀಳುವುದು ಮುಚ್ಚಳದ ನಡುವೆ. ಹಾವು ತಳ್ಳುವುದು ಮೂಲೆಯಲ್ಲಿ. ಗಾಜಿನ ಮೂಲೆಗೆ ಮೈ ಆನಿಸಿ ಎದ್ದು ನಿಂತು, ಮೂತಿಯಿಂದ ಒಂದು ಅಂಚನ್ನು ಎತ್ತಿ ನೋಡುತ್ತದೆ, ಇಳಿಯುತ್ತದೆ, ಮುಂದಿನ ಅಂಚಿಗೆ ಹೋಗುತ್ತದೆ. ಬಾಡಿಗೆ ಮನೆ ನೋಡಲು ಬಂದವರು ಪ್ರತಿಯೊಂದು ನಲ್ಲಿಯನ್ನೂ ತಿರುಗಿಸಿ ನೋಡುವ ಹಾಗೆ, ಒಂದನ್ನೂ ಬಿಡುವುದಿಲ್ಲ. ಅದೆಲ್ಲ ನಡೆಯುವುದು ಮನೆಯವರು ಮಲಗಿದ ಮೇಲೆ. ಹಾವಿನ ಮೈಯಲ್ಲಿ ಗಟ್ಟಿಯಾಗಿ ನಿಂತು ಅಡ್ಡ ಬರುವ ಭಾಗವೆಂದರೆ ತಲೆಬುರುಡೆ ಒಂದೇ. ಹೊಟ್ಟೆ ತುಂಬಿರದಿದ್ದರೆ ತಲೆ ತೂರಿದ ಕಡೆ ಉಳಿದದ್ದೂ ತೂರುತ್ತದೆ. ಹೆಗಲಿಲ್ಲ, ಸೊಂಟವಿಲ್ಲ, ಸಿಕ್ಕಿಕೊಳ್ಳುವುದೇನು?

ಆದ್ದರಿಂದ ಬುದ್ಧಿವಂತರು ಮುಚ್ಚಳಕ್ಕೆ ನಾಲ್ಕೂ ಬದಿಯಿಂದ ಕ್ಲಿಪ್ಪು ಹಾಕುತ್ತಾರೆ, ಇಲ್ಲವೇ ಮುಂದಿನಿಂದ ಗಾಜು ಸರಿಯುವ ಪೆಟ್ಟಿಗೆ ತಂದು ಎರಡು ಗಾಜುಗಳ ನಡುವಿನ ಸಂದಿಯನ್ನೂ ಮುಚ್ಚುತ್ತಾರೆ. ಅಂಟುಪಟ್ಟಿ ಹಚ್ಚುವುದು ಮಾತ್ರ ಕೆಟ್ಟ ಕೆಲಸ. ಅದು ಹಾವಿನ ಪೊರೆಗೆ ಮೆತ್ತಿಕೊಂಡರೆ ಎಳೆದು ಬಿಡಿಸುವಂತಿಲ್ಲ, ಎಳೆದರೆ ಚರ್ಮವೂ ಬರುತ್ತದೆ. ಅಡುಗೆ ಎಣ್ಣೆ ಸವರಿ ನಿಧಾನವಾಗಿ ಬಿಡಿಸಬೇಕು. ಇಷ್ಟು ಮಾಡಿದವರೂ ಮರೆಯುವ ಜಾಗವೊಂದಿದೆ. ಪೆಟ್ಟಿಗೆಯನ್ನು ಬೆಚ್ಚಗಿಡುವ ವಿದ್ಯುತ್ ಹಾಸಿನ ತಂತಿ ಒಳಗೆ ಬರುವ ತೂತು. ಮುಂದೆ ಬೀಗ ಹಾಕಿ ಹಿಂದೆ ದಾರಿ ಬಿಟ್ಟಿರುತ್ತಾರೆ.

ನಾಯಿಗೂ ಹಾವಿಗೂ ವ್ಯತ್ಯಾಸ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ನಾಯಿಯ ಗೇಟು ತೆರೆದಿದ್ದರೂ ಅದು ಬೀದಿಯ ಕೊನೆಗೆ ಹೋಗಿ ವಾಸನೆ ನೋಡಿ ವಾಪಸು ಬರುತ್ತದೆ. ಬೆಕ್ಕಿಗೆ ಮನೆ ನೆನಪಿರುತ್ತದೆ, ಮನೆಯವರು ನೆನಪಿರದಿದ್ದರೂ. ಹಾವಿಗೆ ಕೂಗುವ ಹೆಸರಿಲ್ಲ. "ಜಿಲೇಬಿ" ಎಂಬುದು ನಮ್ಮ ಅನುಕೂಲಕ್ಕೆ. ಇಲ್ಲಿ ಸಂಬಂಧವೆಂಬುದು ಇದ್ದರೆ ಅದು ಚಿಲಕದ್ದೇ. ಇದನ್ನು ಹೇಳಿದಾಗ ಮೊಮ್ಮಗನಿಗೆ ಸಿಟ್ಟು ಬಂತು. ಜಿಲೇಬಿ ಓಡಿಹೋಗಲು ನೋಡುವುದಿಲ್ಲ ಅಜ್ಜ, ಅದಕ್ಕೆ ಏನೋ ಕಡಿಮೆಯಾದಾಗ ಮಾತ್ರ ಹುಡುಕಿಕೊಂಡು ಹೋಗುತ್ತದೆ ಎಂದು ವಾದಿಸಿದ. ಅವನ ಮಾತಿನಲ್ಲಿ ಹುರುಳಿದೆ. ಪೆಟ್ಟಿಗೆಯ ಒಂದು ಬದಿ 29, 30 ಡಿಗ್ರಿಯಷ್ಟು ಬೆಚ್ಚಗೆ, ಇನ್ನೊಂದು ಬದಿ 23, 24ರಷ್ಟು ತಂಪಾಗಿರಬೇಕು. ಎರಡೂ ಕಡೆ ಅಡಗಲು ಗೂಡು ಬೇಕು. ಬಿಸಿ ಏರಿದರೆ, ಗೂಡು ಇಲ್ಲದಿದ್ದರೆ, ಹಸಿದಿದ್ದರೆ, ಗಂಡಾಗಿದ್ದು ಹೆಣ್ಣಿನ ಕಾಲ ಬಂದಿದ್ದರೆ ಹಾವು ಅಲೆಯುತ್ತದೆ. ಆದರೆ ಎಲ್ಲ ಸರಿಯಿದ್ದರೂ ಕಾರ್ನ್ ಸ್ನೇಕ್ ಒಂದು ಸುತ್ತು ಅಂಚು ಮುಟ್ಟಿ ಬಾರದೆ ಇರುವುದಿಲ್ಲ. ಸುಖಕ್ಕೂ ಚಿಲಕಕ್ಕೂ ನಡುವೆ ಅರ್ಧ ಅರ್ಧ ಎಂದು ನಾವಿಬ್ಬರೂ ರಾಜಿಯಾದೆವು.

ಬಿಸಿಯೇ ಬೀಗವಾಗಿದ್ದ ಪ್ರಸಂಗವೂ ಒಂದಿದೆ. ಸ್ವೀಡನ್ನಿನ ಸ್ಟಾಕ್‌ಹೋಮಿನ ಸ್ಕಾನ್ಸೆನ್ ಅಕ್ವೇರಿಯಮ್ಮಿಗೆ 2022ರ ಅಕ್ಟೋಬರಿನಲ್ಲಿ ಒಂದು ಕಾಳಿಂಗ ಸರ್ಪ ಬಂತು. ಬಂದ ಕೆಲವೇ ದಿನಗಳಲ್ಲಿ ಮೇಲಿನ ದೀಪದ ಪಕ್ಕದ ಸಂದಿಯಿಂದ ಹೊರಬಿತ್ತು. ಸಂದಿ ಮೊದಲಿನಿಂದಲೂ ಇತ್ತು. ಹಳೆಯ ಬಲ್ಬು ಸುಡುತ್ತಿದ್ದುದರಿಂದ ಯಾವ ಹಾವೂ ಹತ್ತಿರ ಸುಳಿದಿರಲಿಲ್ಲ. ವಿದ್ಯುತ್ ಉಳಿಸುವ ತಣ್ಣನೆಯ ಬಲ್ಬು ಹಾಕಿದ್ದೇ ದಾರಿ ತೆರೆಯಿತು. ಬೀಗ ಬೇಡಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಹೆಸರಾದ ಜಾದೂಗಾರನ ನೆನಪಿಗೆ ಜನ ಅದಕ್ಕೆ ಹೂಡಿನಿ ಎಂದು ಹೆಸರಿಟ್ಟರು. ಎಕ್ಸ್‌ರೇ ಯಂತ್ರ ತಂದು ಗೋಡೆಗಳ ನಡುವೆ ಅದನ್ನು ಪತ್ತೆ ಹಚ್ಚಿದರು. ಹಿಡಿಯಲು ಸಿದ್ಧತೆ ನಡೆಯುತ್ತಿರುವಾಗ, ಸುಮಾರು ಒಂದು ವಾರದ ಮೇಲೆ, ಹಾವು ತಾನಾಗಿಯೇ ಪೆಟ್ಟಿಗೆಗೆ ಮರಳಿತು. ಮೊಮ್ಮಗ ಇದನ್ನು ಹಾವಿನ ನಿಷ್ಠೆಗೆ ಸಾಕ್ಷಿಯಾಗಿ ಮಂಡಿಸುತ್ತಾನೆ. ಸ್ವೀಡನ್ನಿನ ಅಕ್ಟೋಬರಿನ ಚಳಿಗೆ ಸಾಕ್ಷಿ ಎಂದು ನಾನು ಹೇಳುತ್ತೇನೆ. ಕಾಳಿಂಗದ ತವರಾದ ನಮ್ಮ ಆಗುಂಬೆಯಲ್ಲಿ ತೂರಿಹೋಗಿದ್ದರೆ ಅದು ತಿರುಗಿ ನೋಡುತ್ತಿತ್ತೇ?

ರಾಲಿಗೂ ತನ್ನದೇ ಕತೆಯಿದೆ, ಮತ್ತು ಅದು ಇಷ್ಟು ಸೌಮ್ಯವಾದದ್ದಲ್ಲ. 2021ರ ಜೂನ್ ಕೊನೆಗೆ ಊರಿನ ವಾಯವ್ಯ ಭಾಗದ ಮನೆಯೊಂದರ ಜಗಲಿಯಲ್ಲಿ ಆಫ್ರಿಕಾದ ಝೀಬ್ರಾ ನಾಗರಹಾವು ಕಾಣಿಸಿಕೊಂಡಿತು. ವಿಷ ಉಗುಳುವ ಜಾತಿ. ಎರಡು ದಿನ ಬಡಾವಣೆಯವರು ಕಿಟಕಿಯಿಂದ ಹೊರಗೆ ನೋಡುತ್ತಾ ಕಳೆದರು. ಮೂರನೆಯ ದಿನ ಅದು ಸಿಕ್ಕಿತು. ಆಮೇಲೆ ತಿಳಿದುಬಂದ ಸಂಗತಿ ಹೆಚ್ಚು ಬೆವರಿಳಿಸುವಂಥದು: ಹಾವು ತಪ್ಪಿಸಿಕೊಂಡದ್ದು ಹಿಂದಿನ ನವೆಂಬರಿನಲ್ಲಿ, ಸಾಕಿದವನು ಯಾರಿಗೂ ಹೇಳಿರಲಿಲ್ಲ. ಹಾವು ಕಳೆದವನ ಮೊದಲ ಕರ್ತವ್ಯ ಬಾಯಿ ಬಿಡುವುದು. ವಿಷದ ಹಾವಾದರೆ ಅದು ಕರ್ತವ್ಯವಷ್ಟೇ ಅಲ್ಲ, ಕಾನೂನು ಕೂಡ. ಅವನ ಮೇಲೆ ಪ್ರಕರಣ ದಾಖಲಾಯಿತು. ಬಾಯಿ ಬಿಟ್ಟ ಮೇಲೆ ಊರವರು ಏನು ಮಾಡುತ್ತಾರೆಂಬುದು ಬೇರೆ ಮಾತು. ಮಿಸ್ಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ 1953ರಲ್ಲಿ ಬೀದಿಬೀದಿಯಲ್ಲಿ ನಾಗರಹಾವುಗಳು ಕಾಣಿಸಿಕೊಂಡಾಗ, ಅವುಗಳನ್ನು ಹೊರಗೆ ಕರೆಯಲು ಹಾವಾಡಿಗರ ಸಂಗೀತವನ್ನು ಧ್ವನಿವರ್ಧಕದಲ್ಲಿ ಮೊಳಗಿಸಿದ್ದರು. ಪುಂಗಿಯ ರಾಗಕ್ಕೆ ಹಾವು ತಲೆದೂಗುವುದಿಲ್ಲ, ಪುಂಗಿಯ ಓಲಾಟವನ್ನು ನೋಡಿ ತಾನೂ ಓಲಾಡುತ್ತದೆ ಎಂದು ಅವರಿಗೆ ಹೇಳಲು ಶಿರಸಿಯವರು ಯಾರೂ ಅಲ್ಲಿರಲಿಲ್ಲ.

ಜಿಲೇಬಿ ಹೋದದ್ದು ಹಿಂದಿನ ಸಲ ನಾವು ಅಲ್ಲಿದ್ದಾಗ. ನೀರಿನ ಬಟ್ಟಲು ಬದಲಿಸಿದ ಅಳಿಯ ಗಾಜನ್ನು ಪೂರ್ತಿ ಎಳೆದಿರಲಿಲ್ಲ. ಬೆರಳು ಹಿಡಿಯುವಷ್ಟು ಸಂದಿ ಉಳಿದಿತ್ತು. ರಾತ್ರಿ ಊಟದ ಹೊತ್ತಿಗೆ ಗೊತ್ತಾಯಿತು. ಹುಡುಗ ಅಳುವುದಕ್ಕೂ ಹುಡುಕುವುದಕ್ಕೂ ನಡುವೆ ಸಿಕ್ಕಿಬಿದ್ದಿದ್ದ. ಮಗಳು ಸೋಫಾದ ಹೊಟ್ಟೆ ಬಗೆಯುತ್ತಿದ್ದಳು. ಅಳಿಯ ಫೋನಿನಲ್ಲಿ ಉಪಾಯ ಓದುತ್ತಿದ್ದ. ಆವರೆಗೆ ಆ ಕೋಣೆಯ ಬಾಗಿಲನ್ನೂ ದಾಟಿರದ ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಅಪ್ಪಣೆ ಕೊಡತೊಡಗಿದಳು.

"ಎಲ್ಲರೂ ಒಟ್ಟಿಗೆ ಓಡಾಡಬೇಡಿ. ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲು ತುರುಕಿ. ಹಾವು ನಡುಮನೆಯಲ್ಲಿ ಮಲಗಿರುವುದಿಲ್ಲ, ಗೋಡೆ ಹಿಡಿದೇ ಹೋಗಿರುತ್ತದೆ. ಮೊದಲು ಪೆಟ್ಟಿಗೆಯ ಹತ್ತಿರವೇ ನೋಡಿ, ಆಮೇಲೆ ಬೆಚ್ಚಗಿರುವ ಕಡೆ."

ಅಳಿಯ ಫೋನಿನಿಂದ ತಲೆಯೆತ್ತಿ, ಇಲ್ಲಿಯೂ ಅದನ್ನೇ ಬರೆದಿದ್ದಾರೆ ಅತ್ತೆ ಎಂದ. ಮುಂದಿನ ಸಾಲಿನಲ್ಲಿ ಮೈದಾ ಹಿಟ್ಟು ಹರಡಬೇಕೆಂದಿತ್ತಂತೆ. ಅವಳು ಅಷ್ಟರಲ್ಲಿ ಅಕ್ಕಿಹಿಟ್ಟಿನ ಡಬ್ಬ ತಂದಾಗಿತ್ತು. ಬಾಗಿಲುಗಳ ಮುಂದೆ, ಗೋಡೆಯ ಬುಡದಲ್ಲಿ ತೆಳ್ಳಗೆ ಉದುರಿಸಿದಳು. ಅಭ್ಯಾಸಬಲದಿಂದ ಒಂದೆರಡು ಕಡೆ ಎಳೆಯೂ ಬಂತು. ದೀಪ ಆರಿಸಿ ಎಲ್ಲರೂ ಮಲಗಿದೆವು, ಅಂದರೆ ಹಾಸಿಗೆಯ ಮೇಲೆ ಕಾಲು ಮೇಲೆತ್ತಿ ಕುಳಿತೆವು.

ಬೆಳಗ್ಗೆ ಬಟ್ಟೆ ಒಗೆಯುವ ಕೋಣೆಯ ಮುಂದಿನ ಹಿಟ್ಟಿನಲ್ಲಿ ಡೊಂಕಾದ ಗೆರೆಯೊಂದು ಎದ್ದು ಕಾಣುತ್ತಿತ್ತು. ಅಲ್ಲಿ ಬಟ್ಟೆ ಒಣಗಿಸುವ ಯಂತ್ರದ ಹಿಂದೆ, ಬೆಚ್ಚನೆಯ ಮೂಲೆಯಲ್ಲಿ, ಮೈತುಂಬ ಬಟ್ಟೆಯ ಧೂಳು ಮೆತ್ತಿಕೊಂಡು ಜಿಲೇಬಿ ಸುತ್ತಿ ಮಲಗಿತ್ತು. ಆ ಯಂತ್ರವನ್ನು ಅಂದು ಬೆಳಗ್ಗೆ ಓಡಿಸಿರಲಿಲ್ಲ ಎಂಬುದನ್ನು ಈಗಲೂ ನೆನೆದು ಮಗಳು ಎದೆ ಮುಟ್ಟಿಕೊಳ್ಳುತ್ತಾಳೆ. ಹಾವು ಕಾಣೆಯಾದ ಮನೆಯಲ್ಲಿ ಒಗೆಯುವ, ಒಣಗಿಸುವ ಯಂತ್ರಗಳನ್ನು ಒಳಗೆ ಕೈಯಾಡಿಸಿ ನೋಡದೆ ಚಾಲೂ ಮಾಡಬಾರದು. ಒರಗು ಕುರ್ಚಿಯನ್ನು ಮಡಚಬಾರದು. ಹುಡುಗ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ. ಅದು ನಾಲಿಗೆ ಚಾಚಿ ಅವನ ಮಣಿಕಟ್ಟನ್ನು ಪರಿಶೀಲಿಸಿತು. ಗುರುತು ಹಿಡಿಯಿತು ಎಂದು ಅವನು. ಬಿಸಿ ಹಿಡಿಯಿತು ಎಂದು ನಾನು. ಅಜ್ಜಿ ಹಿಟ್ಟು ಗುಡಿಸುತ್ತಾ, ಆ ಅಕ್ಕಿಹಿಟ್ಟು ಇನ್ನು ಯಾವ ಕೆಲಸಕ್ಕೂ ಬಾರದು ಎಂದಷ್ಟೇ ಹೇಳಿದಳು. ಮರುದಿನ ಬೀಗ ಬಂತು.

ಈಗ ಹುಡುಗ ಇನ್ನೊಂದು ಹಾವು ಕೇಳುತ್ತಿದ್ದಾನೆ. ಈ ಸಲ ಕಿಂಗ್ ಸ್ನೇಕ್, ಕಾಳಿಂಗವಲ್ಲ, ವಿಷವಿಲ್ಲದ ಬೇರೆ ಜಾತಿ. ಅದು ಹಾವುಗಳನ್ನೂ ತಿನ್ನುವ ಹಾವು. ತಪ್ಪಿಸಿಕೊಂಡು ಪಕ್ಕದ ಪೆಟ್ಟಿಗೆಗೆ ದಾರಿ ಮಾಡಿಕೊಂಡರೆ ಒಂದು ಹಾವು ಕಳೆದುಹೋಯಿತೆಂದು ಹುಡುಕುವ ಶ್ರಮವೇ ಇರುವುದಿಲ್ಲ. ಮಗಳು ಮೌನವಾಗಿದ್ದಳು, ಅಳಿಯ ಬೆಲೆ ನೋಡುತ್ತಿದ್ದ. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು: ಮೊದಲು ಪೆಟ್ಟಿಗೆ ಬರಲಿ, ಹಾವು ಆಮೇಲೆ.

ಪೆಟ್ಟಿಗೆ ಬಂದ ರಾತ್ರಿ ಅವಳು ಕೋಣೆಯ ದೀಪ ಆರಿಸಿಸಿ, ಉರಿಯುವ ಬ್ಯಾಟರಿಯನ್ನು ಒಳಗಿಟ್ಟು, ಗಾಜು ಎಳೆದು, ಸುತ್ತ ಬಂದು ನೋಡಿದಳು. ಊರಿನಲ್ಲಿ ಹಗಲು ಹೊತ್ತು ಅಟ್ಟ ಹತ್ತಿ ಒಡೆದ ಹಂಚು ಹುಡುಕುವ ಕ್ರಮವೇ ಇದು, ಒಳಗು ಹೊರಗು ಮಾಡಿದ್ದಾಳೆ ಅಷ್ಟೇ. ಮುಂದೆ ಕತ್ತಲು. ಬದಿಯಲ್ಲಿ ಕತ್ತಲು. ಹಿಂದೆ, ತಂತಿಯ ತೂತಿನಿಂದ, ಗೋಡೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಬೆಳಕು ಬಿದ್ದಿತ್ತು.

"ಇದರಲ್ಲಿ ಹಾವಿನ ತಲೆ ಹೋಗುತ್ತದೆಯೇ?" ಎಂದು ಮೊಮ್ಮಗನನ್ನು ಕೇಳಿದಳು.

"ಮರಿಯದು ಹೋಗುತ್ತದೆ ಅಜ್ಜಿ."

"ಹಾಗಾದರೆ ಅಂಗಡಿಯವನಿಗೆ ಫೋನು ಮಾಡಿ ಒಂದು ವಾರ ತಡ ಎಂದು ಹೇಳು" ಎಂದು ಬ್ಯಾಟರಿ ಆರಿಸಿದಳು.