ಕಡ್ಡಿ ಪೊರಕೆಯ ಸಿಬಿರು

ಭಾನುವಾರ ಬಾಲ್ಕನಿ ಗುಡಿಸಲು ಹೋಗಿ ಬಲಗೈ ತೋರುಬೆರಳಿಗೆ ಸಿಬಿರು ಹೊಕ್ಕಿಸಿಕೊಂಡೆ. ವರ್ಷಕ್ಕೊಮ್ಮೆ ಪೊರಕೆ ಹಿಡಿಯುವವನಿಗೇ ಹೀಗಾಗುತ್ತದೆ. ದಿನಾ ಹಿಡಿಯುವ ನಿನಗೆ ಯಾಕೆ ಚುಚ್ಚುವುದಿಲ್ಲ ಎಂದು ಹೆಂಡತಿಯನ್ನು ಕೇಳಿದೆ. ಕೇಳಬಾರದಿತ್ತು.

ಸ್ವಲ್ಪ ಹೊತ್ತಾದ ಮೇಲೆ "ಎಲ್ಲಿ, ತೋರಿಸಿ" ಎಂದಳು. ಕಿಟಕಿ ಹತ್ತಿರ ಹಿಡಿದೆ. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. "ಏನೂ ಇಲ್ವಲ್ರೀ." ಮಗ ಮೊಬೈಲಿನ ಟಾರ್ಚ್ ಬಿಟ್ಟು ನೋಡಿ, "ನಿಂಗೆ ಹಂಗನ್ನಿಸ್ತಿದೆ ಅಷ್ಟೆ, ಅಪ್ಪ" ಎಂದ. ಕಾಲು ಮುರಿದುಕೊಂಡರೆ ಜನ ಮೂಸಂಬಿ ಹಿಡಿದುಕೊಂಡು ನೋಡಲು ಬರುತ್ತಾರೆ. ಸಿಬಿರು ಹೊಕ್ಕವನಿಗೆ ಒಂದು ಬಾಳೆಹಣ್ಣೂ ಇಲ್ಲ.

ಈ ವಿಷಯದಲ್ಲಿ ನನಗೆ ಒಂದು ದೊಡ್ಡ ಸತ್ಯ ಹೊಳೆದಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಸೋದರತ್ತೆಯ ವಿಚಾರ.

ಚಳ್ಳಕೆರೆ ಕಡೆಯ ನಮ್ಮ ಊರಿನಲ್ಲಿ ಮಳೆಗೆ ಬರವಿತ್ತೇ ಹೊರತು ಮುಳ್ಳಿಗೆ ಇರಲಿಲ್ಲ. 1870ರ ದಶಕದಲ್ಲಿ ಬ್ರಿಟಿಷರು ಎಲ್ಲಿಂದಲೋ ಬೀಜ ತರಿಸಿ ಬೆಳೆಸಿದ ಗಿಡ, ಬಳ್ಳಾರಿ ಜಾಲಿ ಅಂತ ನಮ್ಮದೇ ಹೆಸರು ಇಟ್ಟುಕೊಂಡು ಕೆರೆಯಂಗಳವನ್ನೆಲ್ಲ ನುಂಗಿತ್ತು. ಅದರ ಮುಳ್ಳಿಗೆ ಹವಾಯಿ ಚಪ್ಪಲಿ ಒಂದು ಲೆಕ್ಕವೇ ಅಲ್ಲ. ಹಾಗಾಗಿ ಅತ್ತೆಯ ಬಳೆಯಲ್ಲಿ ಯಾವಾಗಲೂ ನಾಲ್ಕೈದು ಪಿನ್ನು ನೇತಾಡುತ್ತಿದ್ದವು. ಜಗಲಿಗೆ ಬಿಸಿಲು ಬಂದ ಮೇಲೆಯೇ ಕೆಲಸ ಶುರು. ಹರಳೆಣ್ಣೆ ಹಚ್ಚಿದ ತಲೆಗೆ ಪಿನ್ನನ್ನು ಎರಡು ಸಲ ಉಜ್ಜಿದರೆ ಅದು ಶುದ್ಧವಾದ ಹಾಗೆ. "ನಿಮ್ಮಮ್ಮ ಇವತ್ತು ಏನ್ ಸಾರು ಮಾಡವ್ಳೋ?" ಎಂದು ಕೇಳುತ್ತಿದ್ದರು. ಹುರುಳಿಕಾಳು ಅನ್ನುವಷ್ಟರಲ್ಲಿ ಮುಳ್ಳು ಅವರ ಉಗುರಿನ ಮೇಲಿರುತ್ತಿತ್ತು.

ಊರಿಗೆಲ್ಲ ಜಬರ್ದಸ್ತು ಮಾಡುತ್ತಿದ್ದ ದೊಡ್ಡಪ್ಪ ಒಂದು ಸಲ ಹಿಮ್ಮಡಿಗೆ ಜಾಲಿಮುಳ್ಳು ತುಳಿದರು. ತುದಿ ಒಳಗೇ ಮುರಿಯಿತು. ಪಿನ್ನು ಕಂಡದ್ದೇ ಕಾಲು ಎಳೆದುಕೊಂಡು, "ಬಾಗಿಲು ಹಾಕು, ಹುಡುಗರು ನೋಡಬಾರದು" ಎಂದರು. ನಾವು ಕಿಟಕಿಯಲ್ಲಿದ್ದೆವು. ಅತ್ತೆ ಎಕ್ಕದ ಹಾಲು ಬಿಟ್ಟು, ಮೇಲೆ ಬೆಲ್ಲ ಸುಣ್ಣ ಕಲಸಿ ಕಟ್ಟಿದರು. (ನೀವು ಮಾಡಲು ಹೋಗಬೇಡಿ. ಚರ್ಮ ಸುಡುತ್ತದೆ.) ಮೂರು ದಿನ ದೊಡ್ಡಪ್ಪ ಮಂಚದ ಮೇಲೆ. ಆ ಮೂರು ದಿನ ಮನೆಯಲ್ಲಿ ಯಾರೂ ನಗುವಂತಿರಲಿಲ್ಲ. ಮಜ್ಜಿಗೆಗೆ ಉಪ್ಪು ಜಾಸ್ತಿಯಾಯಿತೆಂದು ಲೋಟ ಅಂಗಳಕ್ಕೆ ಹಾರಿತು. ದೇವರಾಣೆ, ಆಸ್ತಿ ಪಾಲಿನ ಮಾತೂ ಒಂದು ಸಲ ಬಂತು.

ನಾಲ್ಕನೆಯ ದಿನ ಕೀವು ಕಟ್ಟಿತು. ಅತ್ತೆ "ಅಣ್ಣಯ್ಯಾ, ಜಂತೆ ಮೇಲೆ ಅದೇನದು, ಹಾವಾ?" ಎಂದರು. ದೊಡ್ಡಪ್ಪ ತಲೆ ಎತ್ತಿದರು. ಅತ್ತೆ ಒತ್ತಿದರು. ಆ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಗೂಟ ಕಿತ್ತಿತು.

ಹೊರಗೆ ಬಂದದ್ದು ಜೀರಿಗೆಗಿಂತ ಚಿಕ್ಕದು. ದೊಡ್ಡಪ್ಪನ ಮುಖ ಬಾಡಿತು. "ಇಷ್ಟೇ ಇರಾಕಿಲ್ಲ, ಇನ್ನೂ ಒಳಗೈತೆ ನೋಡು" ಎಂದು ಜಗಳ ತೆಗೆದರು. ಅತ್ತೆ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು. ದೊಡ್ಡಪ್ಪ ಇನ್ನೂ ಒಂದು ವಾರ ಕುಂಟಿದರು. ನೆಂಟರು ಬಂದಾಗ ಸ್ವಲ್ಪ ಜಾಸ್ತಿ.

ಅತ್ತೆ ಈಗಿಲ್ಲ. ನಮ್ಮ ಮನೆಯಲ್ಲಿ ಏಳು ಚಾರ್ಜರ್ ಇವೆ, ಒಂದು ಪಿನ್ನಿಲ್ಲ. ಹೆಂಡತಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಬೆರಳು ಅದ್ದಿಸಿದಳು. ಸೋಮವಾರ ಡಾಕ್ಟರ ಹತ್ತಿರ ಹೋದರೆ, "ಕಡ್ಡಿ ನೀರು ಕುಡಿದು ಊದಿಕೊಳ್ಳುತ್ತೆ, ಯಾರ್ರೀ ಅದ್ದೋಕೆ ಹೇಳಿದ್ದು?" ಎಂದರು. ಯಾರೆಂದು ಹೇಳಲಿಲ್ಲ, ಅವಳು ಪಕ್ಕದಲ್ಲೇ ಕೂತಿದ್ದಳು. ಎಕ್ಸ್‌ರೇ ತೆಗೆಸಲಾ ಎಂದೆ. "ಗಾಜಾಗಿದ್ರೆ ಕಾಣೋದು. ಮರದ ಚೂರು ಸಾಮಾನ್ಯವಾಗಿ ಕಾಣಲ್ಲ." ಗಾಜು ಚುಚ್ಚಿಸಿಕೊಳ್ಳಲಿಲ್ಲವಲ್ಲ ಎಂದು ಮೊದಲ ಸಲ ಬೇಜಾರಾಯಿತು. ಅವರೂ ಭೂತಗನ್ನಡಿ ಹಿಡಿದು ನೋಡಿ, "ಇದ್ರೂ ಇರಬಹುದು" ಎಂದು ಟಿಟಿ ಇಂಜೆಕ್ಷನ್ ಕೊಟ್ಟು ನಾನೂರು ರೂಪಾಯಿ ತೆಗೆದುಕೊಂಡರು. ಇದ್ರೂ ಇರಬಹುದಂತೆ! ಈಗ ಬೆರಳಿನ ಜೊತೆಗೆ ತೋಳೂ ನೋಯತೊಡಗಿತು.

ಬುಧವಾರ ರಾತ್ರಿ ಅನ್ನಕ್ಕೆ ಹುಳಿ ಕಲಸುತ್ತಿದ್ದಾಗ ನೋವಿಲ್ಲ ಎಂದು ಗೊತ್ತಾಯಿತು. ಒತ್ತಿ ನೋಡಿದೆ, ಇಲ್ಲ. ಯಾವಾಗ ಬಂತು, ಎಲ್ಲಿ ಬಿತ್ತು? ತಟ್ಟೆಯಲ್ಲಿ ಹುಡುಕಿದೆ. ಕೊತ್ತಂಬರಿ ದಂಟು ಸಿಕ್ಕಿತು. ಅದನ್ನೇ ತೋರಿಸೋಣವೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಆ ದೊಡ್ಡ ಸತ್ಯ ಹೇಳುತ್ತೇನೆ ಎಂದಿದ್ದೆ, ಅಲ್ವಾ? ಬೆರಳು ನೋಯುತ್ತಿದ್ದಾಗ ಅದು ಬಹಳ ಸ್ಪಷ್ಟವಾಗಿತ್ತು. ಈಗ ನೆನಪಿಗೆ ಬರುತ್ತಿಲ್ಲ.

"ವಾಸಿ ಆಯ್ತು" ಎಂದೆ ಹೆಂಡತಿಗೆ.

"ಹಾಗಾದ್ರೆ ಆ ಬಾಲ್ಕನಿ ಅರ್ಧಕ್ಕೇ ಬಿಟ್ಟಿದ್ರಲ್ಲ" ಎಂದಳು.